ಸಮುದ್ರದ ನೀರು ಶಿರಾಡಿ ಘಾಟಿ ಹತ್ತಿ ಬಂದರೆ ಎಷ್ಟು ಬೀಳುತ್ತದೆ?

ನೀವು ಕೇಳಿರುವುದು ಇಷ್ಟು: ದುಬೈನಲ್ಲಿ ಸೌರ ವಿದ್ಯುತ್ತಿನಿಂದ ಸಮುದ್ರದ ನೀರನ್ನು ಸಿಹಿಯಾಗಿಸಿ ಸಾವಿರ ಲೀಟರಿಗೆ ಸುಮಾರು 30 ರೂಪಾಯಿಗೆ ಕೊಡಬಹುದಾದರೆ, ಮಂಗಳೂರಿನಲ್ಲಿ ಅಂಥದ್ದೇ ಘಟಕ ಕಟ್ಟಿ ಹಾಸನ, ಅರಸೀಕೆರೆಗಳಿಗೆ ನೀರು ತರಬಾರದೇಕೆ?

ನಾನು ಅರಸೀಕೆರೆ ಸೀಮೆಯವನು. ತೆಂಗಿನ ತೋಟವಿದೆ, ಕೊಳವೆಬಾವಿಗಳಿಗೆ ಸೌರ ಪಂಪ್ ಅಳವಡಿಸುವ ಕೆಲಸವನ್ನೂ ಮಾಡುತ್ತೇನೆ. ಬರದಲ್ಲಿ ಸುಳಿ ಒಣಗಿದ ಮರಗಳನ್ನು ನಿಂತು ಕಡಿಸಿದ್ದೇನೆ. ಹಾಗಾಗಿ ಈ ಲೆಕ್ಕವನ್ನು ಆಸೆಯಿಂದಲೇ ಹಾಕಿ ನೋಡಿದವನು ನಾನು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು 55ರಿಂದ 70 ಬಾರ್ ಒತ್ತಡದಲ್ಲಿ, ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ತೆಳು ಪೊರೆಗೆ ನೂಕಿ ಸಾವಿರ ಲೀಟರ್ ಸಿಹಿನೀರು ಪಡೆಯಲು ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು. ರಾಜಸ್ಥಾನದ ಭಡ್ಲಾದಲ್ಲಿ 2017ರಲ್ಲೇ ಸೌರ ವಿದ್ಯುತ್ ಯೂನಿಟ್ಟಿಗೆ 2.44 ರೂಪಾಯಿಗೆ ಇಳಿದಿತ್ತು. ಎರಡೂವರೆ ರೂಪಾಯಿ ಎಂದು ಹಿಡಿದರೆ ಸಾವಿರ ಲೀಟರಿಗೆ ವಿದ್ಯುತ್ ಖರ್ಚು ಸುಮಾರು 9 ರೂಪಾಯಿ. ಗ್ರಿಡ್‌ನಿಂದ ಆರೂವರೆ ರೂಪಾಯಿಗೆ ಕೊಂಡರೆ 23. ಉಳಿತಾಯ 14 ರೂಪಾಯಿ. ಇಲ್ಲಿಯವರೆಗೆ ನಿಮ್ಮ ಮಾತು ಸರಿಯೇ.

ಲೆಕ್ಕ ಎಡವುವುದು ಬಂಡವಾಳದಲ್ಲಿ. ಚೆನ್ನೈ ಬಳಿಯ ನೆಮ್ಮೇಲಿಯಲ್ಲಿ 2024ರಲ್ಲಿ ಉದ್ಘಾಟನೆಯಾದ, ದಿನಕ್ಕೆ 15 ಕೋಟಿ ಲೀಟರ್ ಸಾಮರ್ಥ್ಯದ ಘಟಕಕ್ಕೆ ಸುಮಾರು 1,500 ಕೋಟಿ ರೂಪಾಯಿ ಹಿಡಿಯಿತು. ಅಷ್ಟು ಹಣವನ್ನು ಶೇ 8ರ ಬಡ್ಡಿಗೆ, 20 ವರ್ಷದ ಅವಧಿಗೆ ಸಾಲ ತಂದರೆ ವರ್ಷದ ಕಂತು 150 ಕೋಟಿ ದಾಟುತ್ತದೆ. ಘಟಕ ಹಗಲಿರುಳು ಪೂರ್ತಿ ಓಡಿದರೆ ಸಾವಿರ ಲೀಟರಿನ ಮೇಲೆ ಬೀಳುವ ಕಂತಿನ ಪಾಲು 28 ರೂಪಾಯಿ. ಬಿಸಿಲು ಚುರುಕಾಗಿರುವ ಆರು ಗಂಟೆ ಮಾತ್ರ ಓಡಿಸಿದರೆ ನೀರು ಕಾಲು ಭಾಗಕ್ಕೆ ಇಳಿಯುತ್ತದೆ, ಕಂತು ಇಳಿಯುವುದಿಲ್ಲ. ಪಾಲು 112 ರೂಪಾಯಿಗೆ ಏರುತ್ತದೆ. 14 ರೂಪಾಯಿ ಉಳಿಸಲು ಹೋಗಿ 84 ಕಳೆದುಕೊಂಡಂತಾಯಿತು. ದಿನವೂ ನಿಲ್ಲಿಸಿ ಓಡಿಸುವುದು ಪೊರೆಗಳಿಗೂ ಒಗ್ಗುವುದಿಲ್ಲ.

ನನ್ನ ತೋಟದಲ್ಲಿ ಸೌರ ಪಂಪ್ ಹಗಲು ನೀರೆತ್ತಿ ತೊಟ್ಟಿ ತುಂಬಿಸುತ್ತದೆ, ರಾತ್ರಿ ಸುಮ್ಮನಿರುತ್ತದೆ. ಅದು ಲಾಭದಾಯಕವಾಗಿರುವುದು ಪಂಪಿನ ಬೆಲೆ ಕಡಿಮೆಯಿರುವುದರಿಂದ. ಸಾವಿರಾರು ಕೋಟಿಯ ಯಂತ್ರವನ್ನು ಹಾಗೆ ಕೂರಿಸಲಾಗದು.

ಹಾಗಾದರೆ ದುಬೈನ ದರ ಸುಳ್ಳೇ? ಅಲ್ಲ. ಹಸ್ಯಾನ್ ಯೋಜನೆಗೆ 2023ರಲ್ಲಿ ಘನ ಮೀಟರಿಗೆ, ಅಂದರೆ ಸಾವಿರ ಲೀಟರಿಗೆ, 0.365 ಡಾಲರ್ (ಆಗಿನ ಲೆಕ್ಕದಲ್ಲಿ ಸುಮಾರು 30 ರೂಪಾಯಿ) ದರ ನಿಗದಿಯಾದದ್ದು ನಿಜ. ಆದರೆ ಅಂಥ ಘಟಕ ಸೂರ್ಯ ಮುಳುಗಿದಾಗ ನಿಲ್ಲುವುದಿಲ್ಲ. ಅಲ್ಲಿ ಸಾಲ ಅಗ್ಗ, ಬಿಸಿಲು ವರ್ಷವಿಡೀ, ನೀರನ್ನು ಕೊಳ್ಳುವ ದೀರ್ಘಾವಧಿಯ ಕರಾರೂ ಕೈಯಲ್ಲಿರುತ್ತದೆ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿರುತ್ತದೆ. ಘಟಕ ಅಲ್ಲಿ, ಫಲಕಗಳು ಪಾವಗಡದಂಥ ಒಣ ನೆಲದಲ್ಲಿ, ನಡುವೆ ಗ್ರಿಡ್: ಇದೊಂದೇ ದಾರಿ. ರಾತ್ರಿಯ ವಿದ್ಯುತ್ತಿಗೆ, ಸಾಗಣೆಗೆ ಬೇರೆ ದುಡ್ಡು ತೆರಬೇಕು. ಪೊರೆ ಬದಲಾವಣೆ, ರಾಸಾಯನಿಕ, ಸಂಬಳ ಎಲ್ಲ ಸೇರಿದರೆ ಕರಾವಳಿಯಲ್ಲೇ ಸಾವಿರ ಲೀಟರಿಗೆ 50 ರೂಪಾಯಿಯ ಆಸುಪಾಸು ಎಂಬುದು ನನ್ನ ಅಂದಾಜು.

ಇನ್ನು ಘಾಟಿ. ನನ್ನ ಆಸೆ ಕುಸಿದದ್ದು ಇಲ್ಲಿಯೇ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಸಾವಿರ ಲೀಟರ್ ನೀರನ್ನು 900 ಮೀಟರ್ ಎತ್ತಲು, ಒಂದಿಷ್ಟೂ ನಷ್ಟವಿಲ್ಲದಿದ್ದರೂ 2.45 ಯೂನಿಟ್ ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಸೇರಿದರೆ ಮೂರನ್ನು ಮೀರುತ್ತದೆ. ಅಂದರೆ ಉಪ್ಪು ತೆಗೆಯಲು ಎಷ್ಟು ವಿದ್ಯುತ್ ಬೇಕೋ, ಹೆಚ್ಚು ಕಡಿಮೆ ಅಷ್ಟೇ ವಿದ್ಯುತ್ ಆ ನೀರನ್ನು ಶಿರಾಡಿ ಹತ್ತಿಸಲೂ ಬೇಕು. ಪೊರೆಗಳು ಎಷ್ಟೇ ಸುಧಾರಿಸಿದರೂ ಈ ಎತ್ತರ ತಗ್ಗುವುದಿಲ್ಲ. ಎತ್ತಿನಹೊಳೆ ಯೋಜನೆಯೂ ನೀರನ್ನು ಹಿಡಿಯುವುದು ಸಮುದ್ರದ ಅಂಚಿನಲ್ಲಲ್ಲ, ಸಕಲೇಶಪುರದ ಹಳ್ಳಗಳಲ್ಲಿ.

ತೋಟಕ್ಕಂತೂ ಈ ನೀರು ಆಗದ ಮಾತು. ನನ್ನ ಎಕರೆಗೆ 60 ಮರ, ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 100 ಲೀಟರ್ ಎಂದರೆ ಆರು ಸಾವಿರ ಲೀಟರ್. ಕರಾವಳಿಯ 50 ರೂಪಾಯಿಯ ದರದಲ್ಲೇ ದಿನಕ್ಕೆ 300 ರೂಪಾಯಿ, ಆರು ತಿಂಗಳಿಗೆ 54 ಸಾವಿರ. ಘಾಟಿ ಹತ್ತಿಸುವ ಖರ್ಚು ಇದರ ಮೇಲೆ. ಕೊಬ್ಬರಿ ದರ ಬಿದ್ದ ವರ್ಷ ಇದನ್ನು ಹೊರಲಾಗದು.

ಮಂಗಳೂರಿಗೆ ಮಾತ್ರ ಇಂಥ ಘಟಕ ಬೇಕು ಎಂದೇ ನಾನು ಹೇಳುತ್ತೇನೆ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿದಾಗ ಅಲ್ಲಿನ ಕೈಗಾರಿಕೆಗಳು ಸಮುದ್ರದ ನೀರಿನಲ್ಲಿ ಓಡಿದರೆ ನದಿಯ ನೀರು ಜನರಿಗೆ ಉಳಿಯುತ್ತದೆ. ನಮ್ಮ ಕಡೆ ಸೌರ ವಿದ್ಯುತ್ತನ್ನು ಇದೇ ತಂತ್ರಕ್ಕೆ ಬಳಸಬೇಕೆಂದಿದ್ದರೆ, ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಕೊಳವೆಬಾವಿಯ ಫ್ಲೋರೈಡ್ ನೀರಿನಲ್ಲಿ ಉಪ್ಪು ತೀರಾ ಕಡಿಮೆ, ಸಣ್ಣ ಒತ್ತಡ ಸಾಕು. ಹಗಲು ಶೋಧಿಸಿ ಟ್ಯಾಂಕ್ ತುಂಬಿಸಿಟ್ಟರೆ ಸಂಜೆ ಊರಿನವರು ಕ್ಯಾನ್ ತುಂಬಿಸಿಕೊಳ್ಳಬಹುದು, ವಿದ್ಯುತ್ ಹೋದರೂ ನೀರು ನಿಲ್ಲುವುದಿಲ್ಲ. ನಿಮ್ಮ ಊರಿನಲ್ಲಿ ಅಂಥ ಘಟಕವಿದ್ದರೆ ಅದರ ತಿಂಗಳ ವಿದ್ಯುತ್ ಬಿಲ್ಲನ್ನೂ ದಿನಕ್ಕೆ ಎಷ್ಟು ಕ್ಯಾನ್ ಹೋಗುತ್ತದೆ ಎಂಬುದನ್ನೂ ಬರೆದು ತಿಳಿಸಿ, ಎಷ್ಟು ಫಲಕ ಬೇಕೆಂದು ಲೆಕ್ಕ ಹಾಕಿ ಕೊಡುತ್ತೇನೆ.