ಚಹಾದ ಊರಲ್ಲಿ ಅಮ್ಮನ ಕಾಫಿ
ಹುಬ್ಬಳ್ಳಿ ಕಡೆಯವರಿಗೆ ಚಹಾ ಬಿಟ್ಟು ಕಾಫಿ ಅಂದರೆ ಏನು ಅಂತ ಕೇಳಿದ್ದೀರಿ. ನಿಜ, ಇಲ್ಲಿ ಬಂದವರಿಗೆ ಮೊದಲು ಕೇಳುವುದು ಚಹಾನೇ. ಆದರೆ ನನಗೆ ಕಾಫಿ ಅಂದರೆ ಅಮ್ಮ. ಸಕಲೇಶಪುರದಿಂದ ಮದುವೆಯಾಗಿ ಬರುವಾಗ ಹಿತ್ತಾಳೆ ಫಿಲ್ಟರ್ ಜೊತೆಗೇ ತಂದಿದ್ದರು. ರಾತ್ರಿಯೇ ಪುಡಿ ಹಾಕಿ ಕುದಿಯುವ ನೀರು ಸುರಿದಿಡುತ್ತಿದ್ದರು. ಬೆಳಗ್ಗೆ ಗಟ್ಟಿ ಡಿಕಾಕ್ಷನ್ ಇಳಿದಿರುತ್ತಿತ್ತು. ಕಾಫಿ ಪುಡಿಗೆ ಬೆರೆಸುವ ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಸ್ವಲ್ಪ ಜಾಸ್ತಿಯಾದರೂ ಒಂದೇ ಗುಟುಕಿಗೆ ಅವರಿಗೆ ಗೊತ್ತಾಗುತ್ತಿತ್ತು. ಕಾಫಿ ಕುಡಿಯುವಾಗ ಮಾತ್ರ ತವರಿನ ಮಾತು ಆಡುತ್ತಿದ್ದರು, ತೋಟ, ಮಳೆ, ಅವರ ಅಕ್ಕ. ಅಪ್ಪ ಪಕ್ಕದಲ್ಲೇ ಚಹಾ ಹಿಡಿದು ಕೇಳುತ್ತಿದ್ದರು. ನನ್ನ ಮಗಳಿಗೆ ಕಾಫಿ ಅಂದರೆ ಪರೀಕ್ಷೆ ರಾತ್ರಿಯ ಇನ್‌ಸ್ಟಂಟ್, ಅಷ್ಟೇ. ಆ ಫಿಲ್ಟರ್ ಈಗ ನನ್ನ ಹತ್ತಿರ ಇದೆ. ಈ ಕಡೆ ಬಂದರೆ ಹೇಳಿ, ಒಂದು ಲೋಟ ಮಾಡಿಕೊಡುತ್ತೇನೆ.