ಹುಳುವಿನ ಕಣ್ಣು ಎಲ್ಲಿದೆ?

ಓದುಗರ ಪತ್ರ: ರಾಜಾಜಿನಗರದ ನಮ್ಮ ಮನೆಯ ತಾರಸಿಯಲ್ಲಿ ಒಂದು ಕರಿಬೇವಿನ ಕುಂಡವಿದೆ. ಅದರಲ್ಲಿ ಕಂಡ ಚಿಟ್ಟೆಯ ಮರಿಹುಳುವೊಂದನ್ನು 18 ದಿನ ಬಿಡದೆ ಫೋಟೊ ತೆಗೆದೆ. ನನ್ನದು ಹಳೆಯ ಕ್ಯಾಮೆರಾ, ಸಣ್ಣದು ದೊಡ್ಡದಾಗಿ ಕಾಣಲೆಂದು ಹಿಂದುಮುಂದಾಗಿ ತಿರುಗಿಸಿ ಹಾಕಿದ 50 ಮಿ.ಮೀ. ಲೆನ್ಸ್. ನಾಲ್ಕು ಚಿತ್ರಗಳನ್ನು ಜಾಲತಾಣದಲ್ಲಿ ಹಂಚಿಕೊಂಡರೆ ಬಂದದ್ದು 14 ಮೆಚ್ಚುಗೆ, ಅದರಲ್ಲಿ ಒಂಬತ್ತು ಮೂರನೆಯ ಚಿತ್ರಕ್ಕೇ. ಒಬ್ಬರು 'ಕಣ್ಣೇ ಫೋಕಸ್ ಆಗಿಲ್ಲ' ಎಂದರು. ಇನ್ನೊಬ್ಬರು 'ಬಾಲ ಮಸುಕು, ಹಿನ್ನೆಲೆ ಕಪ್ಪು' ಎಂದರು. ಅದೇ ದಿನ ಬೇರೊಬ್ಬರು ಹಾಕಿದ, ಮೈತುಂಬ ನೀರಹನಿ ಹೊತ್ತ ಏರೋಪ್ಲೇನ್ ಚಿಟ್ಟೆಗೆ ಸಾವಿರದ ಮೇಲೆ ಬಂತು. ನನ್ನ ಚಿತ್ರಗಳನ್ನು ಕಳಿಸಿದ್ದೇನೆ. ಇನ್ನು ಹಂಚಿಕೊಳ್ಳುವುದನ್ನೇ ಬಿಡಲೇ? (ಹೆಸರು ಬೇಡ)

ಸಂಪಾದಕರ ಉತ್ತರ:

ದಯವಿಟ್ಟು ಬಿಡಬೇಡಿ. ನಿಮ್ಮ ನಾಲ್ಕೂ ಚಿತ್ರಗಳನ್ನು ಕಚೇರಿಯ ದೊಡ್ಡ ಪರದೆಯಲ್ಲಿ ಹಾಕಿಕೊಂಡು ನಿಧಾನವಾಗಿ ನೋಡಿದ್ದೇನೆ. ಮೊದಲು ಕಣ್ಣಿನ ವಿಷಯವನ್ನು ಇತ್ಯರ್ಥ ಮಾಡೋಣ, ನಿಮಗೆ ಹೆಚ್ಚು ನೋವಾಗಿರುವುದು ಆ ಮಾತಿನಿಂದಲೇ ಎಂದು ಪತ್ರ ಓದಿದರೆ ತಿಳಿಯುತ್ತದೆ.

ಎರಡನೆಯ ಚಿತ್ರದಲ್ಲಿ ಹಸಿರು ಹುಳು ಎಲೆಯ ಅಂಚನ್ನು ಕಡಿಯುತ್ತಿದೆ. ಮೈಯ ಮುಂಭಾಗದಲ್ಲಿ ಎರಡು ಕಡೆ ದುಂಡಗೆ ಕಾಣುವುದು ಕಣ್ಣಲ್ಲ, ಶತ್ರುವನ್ನು ಬೆದರಿಸಲು ಎದೆಯ ಮೇಲೆ ಮೂಡಿರುವ ಬಣ್ಣದ ಗುರುತು. ನಿಜವಾದ ಕಣ್ಣುಗಳು ಅದಕ್ಕೂ ಮುಂದೆ, ಕೆಳಕ್ಕೆ ಬಾಗಿದ ಪುಟ್ಟ ತಲೆಯಲ್ಲಿವೆ. ಒಂದೊಂದು ಬದಿಗೆ ಆರಾರು, ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣ ಚುಕ್ಕೆಗಳು. ನೀವು ಫೋಕಸ್ ಮಾಡಿರುವುದು ಸರಿಯಾಗಿ ಅಲ್ಲಿಗೇ. ದವಡೆ ಎಲೆಯನ್ನು ಕಚ್ಚಿ ಹಿಡಿದಿರುವುದು, ತಿಂದಷ್ಟು ಜಾಗ ಅರ್ಧಚಂದ್ರದಂತೆ ಒಳಸರಿದಿರುವುದು ಎಲ್ಲವೂ ಸ್ಪಷ್ಟವಾಗಿ ಬಂದಿದೆ. ಆ ಗುರುತು ಹಕ್ಕಿಯನ್ನೇ ನಂಬಿಸುವಂಥದ್ದು, ಆದ್ದರಿಂದ ಆ ವೀಕ್ಷಕರು ನಂಬಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ತೀರ್ಪು ಕೊಡುವ ಮೊದಲು 'ಇದರ ಕಣ್ಣು ಯಾವುದು?' ಎಂದು ನಿಮ್ಮನ್ನು ಕೇಳಬೇಕಿತ್ತು.

ಬಾಲದ ಮಾತು ಅರ್ಧ ಸರಿ. ವಸ್ತುವಿನಷ್ಟೇ ದೊಡ್ಡದಾಗಿ ಅದರ ಬಿಂಬ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಬೀಳುವಾಗ, ಲೆನ್ಸಿನ ಕಂಡಿ ಎಫ್ 8ರ ಅಳತೆಯಲ್ಲಿದ್ದರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಕಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿದರೆ ಅದು ಎರಡು ಪಟ್ಟಾಗುತ್ತದೆ, ಆದರೆ ಬೆಳಕು ಕಿರಿದಾದ ಕಂಡಿಯಲ್ಲಿ ಚೆದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಬಲಿತ ಹುಳು 4 ಸೆಂಟಿಮೀಟರ್ ಹತ್ತಿರ ಇರುತ್ತದೆ, ನೀವು ತೆಗೆದಿರುವುದು ಎದುರಿನಿಂದ. ಬಾಲ ಮಸುಕಾಗದೆ ಇನ್ನೇನಾದೀತು? ಫೋಕಸ್ ಕೂದಲೆಳೆಯಷ್ಟು ಸರಿಸುತ್ತ ಹಲವು ಚಿತ್ರ ತೆಗೆದು ಒಂದಾಗಿ ಸೇರಿಸುವ ಸ್ಟ್ಯಾಕಿಂಗ್ ವಿಧಾನವಿದೆ ನಿಜ. ಗಾಳಿಗೆ ಅಲುಗುವ ಕರಿಬೇವಿನ ಟೊಂಗೆಯಲ್ಲಿ, ಒಂದೇ ಸಮನೆ ತಿನ್ನುತ್ತಿರುವ ಹುಳುವಿಗೆ ಅದು ಒಗ್ಗುವುದು ಕಷ್ಟ. ಹುಳುವಿನ ಪಕ್ಕಕ್ಕೆ ಸರಿದು, ಅದರ ಮೈಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿದು ಒಂದು ತೆಗೆಯಿರಿ, ಸಾಕು.

ಕಪ್ಪು ಹಿನ್ನೆಲೆಯ ಟೀಕೆಯನ್ನು ಒಪ್ಪಿಕೊಳ್ಳಿ. ಫ್ಲ್ಯಾಶ್ ಬೆಳಕು ದೂರ ಹೋದಂತೆ ಬೇಗ ಕುಂದುತ್ತದೆ, ಹಿಂದಿನ ಗೋಡೆಯವರೆಗೆ ಅದು ಮುಟ್ಟಿಲ್ಲ. ಒಂದು ಗೇಣು ಹಿಂದೆ ಯಾವುದಾದರೂ ಅಗಲವಾದ ಎಲೆಯನ್ನು ಹಿಡಿದು ನೋಡಿ.

ಇನ್ನು ಆ ಏರೋಪ್ಲೇನ್ ಚಿಟ್ಟೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚಳಿಗಾಲದ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಹೋದರೆ ಅಂಥ ದೃಶ್ಯ ನಿಜವಾಗಿಯೂ ಸಿಗುತ್ತದೆ. ಹಾಗಾಗಿ ಅವರನ್ನು ಅನುಮಾನಿಸುವುದಿಲ್ಲ. ಆದರೂ ನನ್ನ ಮನಸ್ಸಿನಲ್ಲಿ ವರ್ಷಗಳಿಂದ ಕೊರೆಯುತ್ತಿರುವ ಒಂದು ಸಂಗತಿಯನ್ನು ಹೇಳಬೇಕು. ಒಮ್ಮೆ ಇಂಥದೇ ಚಿತ್ರವೊಂದನ್ನು ನಾನೇ ಆರಿಸಿ ಮುಖಪುಟಕ್ಕೆ ಹಾಕಿದ್ದೆ. ತಿಂಗಳಾದ ಮೇಲೆ ಅದನ್ನು ತೆಗೆದವರು ಮಾತಿನ ನಡುವೆ, ಹುಳುವನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿ ಇಟ್ಟಿದ್ದೆ ಎಂದರು. ತಣ್ಣಗಾದ ಕೀಟಕ್ಕೆ ಹಾರಲು ಶಕ್ತಿ ಇರುವುದಿಲ್ಲ, ಹೊರಗೆ ತೆಗೆದ ಕೂಡಲೇ ಗಾಳಿಯ ತೇವ ಅದರ ಮೈಮೇಲೆ ಹನಿಗಟ್ಟುತ್ತದೆ. ನಾನು 'ಎಷ್ಟು ಚೆಂದ' ಎಂದು ಕೂಗಿದ್ದು ಆ ಹನಿಗಳನ್ನು ನೋಡಿ. ಎಲ್ಲಿ, ಯಾವಾಗ, ಹೇಗೆ ತೆಗೆದಿರಿ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಚಿತ್ರ ಅಚ್ಚು ಮಾಡಿದ್ದು ಅದೇ ಕೊನೆ.

ಮೊಬೈಲ್ ಪರದೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಅಡ್ಡಕ್ಕೆ ನಾಲ್ಕೈದು ಸಾವಿರ ಬಿಂದುಗಳಿರುವ ನಿಮ್ಮ ಚಿತ್ರ ಅಲ್ಲಿ ಸಾವಿರದ ಆಸುಪಾಸಿಗೆ ಕುಗ್ಗುತ್ತದೆ. ಹುಳುವಿನ ಪುಟ್ಟ ಕಣ್ಣುಗಳು ಅಲ್ಲೇ ಅಳಿಸಿಹೋಗುತ್ತವೆ. ಹೊಳೆಯುವ ಹನಿಗಳು ಉಳಿಯುತ್ತವೆ. ಬೆರಳು ಮೇಲೆ ಸರಿಯುವ ಮುನ್ನ ಸಿಗುವ ಆ ಒಂದು ಕ್ಷಣದಲ್ಲಿ ಕಂಡದ್ದಕ್ಕೆ ಜನ ಮೆಚ್ಚುಗೆ ಒತ್ತುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ 18 ದಿನಗಳು ಸೇರಿಯೇ ಇಲ್ಲ.

ನೋಡುವುದಕ್ಕೆ ಬೇರೆ ಕ್ರಮಗಳೂ ಇವೆ. ನಮ್ಮ ಬೆಂಗಳೂರು ಟಿ.ಎನ್.ಎ. ಪೆರುಮಾಳ್ ಮತ್ತು ಈ. ಹನುಮಂತರಾವ್ ಅವರಂಥ ನಿಸರ್ಗ ಛಾಯಾಗ್ರಾಹಕರು ಬಾಳಿದ ಊರು. ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಲ್ಲಿ 1971ರಿಂದ ಇದೆ. ಸ್ಲೈಡುಗಳ ಕಾಲದಲ್ಲಿ ನಾನು ಕುಳಿತಿದ್ದ ಒಂದು ಸಂಜೆಯ ಕೂಟದಲ್ಲಿ ಹಿರಿಯರೊಬ್ಬರು ಒಂದೇ ಜೇಡದ ಚಿತ್ರವನ್ನು ಹತ್ತು ನಿಮಿಷ ಗೋಡೆಯ ಮೇಲೆ ನಿಲ್ಲಿಸಿದ್ದರು. ಇರುವೆಯಂತೆ ವೇಷ ಹಾಕಿದ ಜೇಡ ಅದು. ಮುಂದಿನ ಎರಡು ಕಾಲುಗಳನ್ನು ಇರುವೆಯ ಮೀಸೆಯಂತೆ ಎತ್ತಿ ಹಿಡಿದಿದೆ ಎಂದು ಅವರು ತೋರಿಸುವವರೆಗೆ ನಾವು ಯಾರೂ ಕಾಲು ಎಣಿಸಿರಲಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದ ನಿಯಮಗಳೂ ಚಿತ್ರದ ಚೆಲುವಿಗಿಂತ ಅದು ಹೇಳುವ ಕತೆಗೆ ಹೆಚ್ಚು ತೂಕ ಕೊಡಬೇಕು ಎಂದೇ ಹೇಳುತ್ತವೆ. ಹಾಗೆ ನೋಡುವ ನಾಲ್ಕು ಜನರನ್ನು ಹುಡುಕಿಕೊಳ್ಳಿ. ಚಿತ್ರದ ಕೆಳಗೆ ದಿನಾಂಕ, ಗಿಡದ ಹೆಸರು, ಹುಳು ಏನು ಮಾಡುತ್ತಿತ್ತು ಎಂಬ ಎರಡು ಸಾಲು ಬರೆಯಿರಿ. ಬರೆದದ್ದನ್ನು ಓದಿ ಪ್ರಶ್ನೆ ಕೇಳುವವರು ತಾವಾಗಿಯೇ ಬರುತ್ತಾರೆ.

ನಿಮ್ಮ ಮೂರನೆಯ ಚಿತ್ರದ ಬಗ್ಗೆ ಮಾತ್ರ ನನಗೆ ಬೇಸರವಿದೆ. ನಿಮ್ಮ 14 ಮೆಚ್ಚುಗೆಗಳಲ್ಲಿ ಒಂಬತ್ತು ಅದಕ್ಕೇ ಬಂದವು ಎಂದು ಬರೆದಿದ್ದೀರಿ. ತಲೆಯ ಹಿಂದಿನಿಂದ ಹಾವಿನ ನಾಲಗೆಯಂತೆ ಕೆಂಪು ಕವಲೊಂದು ಹೊರಗೆ ಚಾಚಿದೆ. ಮಾರ್ಮನ್, ನಿಂಬೆ ಚಿಟ್ಟೆಗಳ ಮರಿಹುಳುಗಳು ಅದನ್ನು ಹೊರಹಾಕುವುದು ಗಾಬರಿಯಾದಾಗ, ಗಾಢ ವಾಸನೆ ಬಿಟ್ಟು ಶತ್ರುವನ್ನು ಓಡಿಸಲು. ತಿರುಗಿಸಿದ ಲೆನ್ಸಿನ ತುದಿ ಹುಳುವಿಗೆ ನಾಲ್ಕೈದು ಸೆಂಟಿಮೀಟರ್ ಹತ್ತಿರ ಬರುವುದರಿಂದ ಟೊಂಗೆಗೆ ತಾಗಿರಬಹುದು. ನೀವು ಬೇಕೆಂದು ಮಾಡಿರಲಾರಿರಿ. ಆದರೆ ಆ ಒಂಬತ್ತರ ಆಸೆಗೆ ಇನ್ನೊಮ್ಮೆ ಕಡ್ಡಿಯಿಂದ ಮುಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಾಲ್ಕನೆಯದು, ಸೊಂಟಕ್ಕೆ ಒಂದೆಳೆ ದಾರ ಕಟ್ಟಿಕೊಂಡು ಕಡ್ಡಿಗೆ ಒರಗಿದ ಕೋಶ, ನನ್ನ ಆಯ್ಕೆ. ಹಕ್ಕಿಯ ಹಿಕ್ಕೆಯಂತೆ ಕಾಣುವ ಎಳೆಯ ಹುಳುವಿನ ನಿಮ್ಮ ಮೊದಲ ಚಿತ್ರವನ್ನೂ, ಎಲೆ ತಿನ್ನುವ ಎರಡನೆಯದನ್ನೂ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಹಾಕಲು ನಿಮ್ಮ ಒಪ್ಪಿಗೆ ಬೇಕು. ಕೋಶ ಇನ್ನೂ ಒಡೆದಿಲ್ಲವಾದರೆ ಪ್ರತಿದಿನ ಸಂಜೆ ಅದರ ಬಣ್ಣ ನೋಡುತ್ತಿರಿ. ಕಪ್ಪಾಗಿ, ರೆಕ್ಕೆಯ ಗುರುತು ಒಳಗಿನಿಂದ ಕಾಣತೊಡಗಿದರೆ ಮರುದಿನ ಬೆಳಕು ಹರಿಯುವ ಮೊದಲೇ ತಾರಸಿಗೆ ಹೋಗಿ ಕಾಯಿರಿ. ಆ ಚಿತ್ರ ಸಿಕ್ಕರೆ ಅದಕ್ಕೂ ಜಾಗ ಇಟ್ಟಿರುತ್ತೇನೆ.