ಪೀಣ್ಯ ಮೇಲ್ಸೇತುವೆ: ದುರಸ್ತಿ ಆದಮೇಲೆ ಏನನ್ನು ಗಮನಿಸಬೇಕು?

ಪ್ರಶ್ನೆ: ಬೆಂಗಳೂರಿನ ಪೀಣ್ಯ ಮೇಲ್ಸೇತುವೆಗೆ ಹೊಸ ಕೇಬಲ್ ಹಾಕಿದ್ದಾರಲ್ಲ, ಅದು ಭಾರ ಹೊರುತ್ತಿದೆ ಎಂದು ತಿಳಿಯುವುದು ಹೇಗೆ? ಸೆನ್ಸರ್ ಇಟ್ಟರೆ ಸಾಕೇ?

ಉತ್ತರ: 2021ರ ಡಿಸೆಂಬರ್‌ನಲ್ಲಿ ಅಲ್ಲಿ ಸಂಚಾರ ನಿಲ್ಲಿಸಿದ್ದು ರಸ್ತೆಯನ್ನು ಹೊತ್ತ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಯನ್ನು ಬಿಗಿದಿಟ್ಟ ಉಕ್ಕಿನ ಕೇಬಲ್‌ಗಳಿಗೆ ತುಕ್ಕು ಹಿಡಿದದ್ದರಿಂದ. ಇಂಥ ಸೇತುವೆಗೆ ಮೊದಲು ಭಾರ ಪರೀಕ್ಷೆ. ತೂಕ ಮಾಡಿದ ಲಾರಿಗಳನ್ನು ಹಂತಹಂತವಾಗಿ ನಿಲ್ಲಿಸಿ, ಪೂರ್ತಿ ಭಾರವನ್ನು 24 ಗಂಟೆ ಹಾಗೇ ಬಿಟ್ಟು, ನಡುಭಾಗ ಎಷ್ಟು ಬಾಗಿತೆಂದು ಸಣ್ಣ ಅಲುಗಾಟವನ್ನೂ ತೋರಿಸುವ ಡಯಲ್ ಗೇಜ್‌ನಲ್ಲಿ ಅಳೆಯುತ್ತಾರೆ. ಲಾರಿ ತೆಗೆದ 24 ಗಂಟೆಗಳಲ್ಲಿ ಆ ಬಾಗಿನ ಕನಿಷ್ಠ 85% ಹಿಂತಿರುಗಬೇಕು.

ಈ ಅಳತೆ ಎಡವುವುದು ಬಿಸಿಲಿನಲ್ಲಿ. ಮಧ್ಯಾಹ್ನ ಮೇಲ್ಮೈ ಕಾದು ಸ್ಪ್ಯಾನ್ (ಎರಡು ಕಂಬಗಳ ನಡುವಿನ ಭಾಗ) ತಾನಾಗಿಯೇ ಮೇಲಕ್ಕೆ ಉಬ್ಬುತ್ತದೆ. ಹಾಗಾಗಿ ಖಾಲಿ ಸೇತುವೆಯ ಒಂದು ಇಡೀ ದಿನದ ಅಳತೆ, ಗಂಟೆಗೊಮ್ಮೆ ತಾಪಮಾನದ ಸಮೇತ, ಮೊದಲೇ ಕೈಯಲ್ಲಿರಬೇಕು.

ಸೆನ್ಸರ್ ಬೇಕು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಕಾಂಕ್ರೀಟ್ ಬಿರುಕು ಬಿಡುವವರೆಗೆ ಒಂದು ಕೇಬಲ್ ಹರಿದರೂ ಸೆನ್ಸರ್ ಅಳೆಯುವ ಕಂಪನದ ಲೆಕ್ಕ ಹೆಚ್ಚೇನೂ ಬದಲಾಗದು! ಹೊಸ ಕೇಬಲ್‌ನ ತುದಿಗೆ ಲೋಡ್ ಸೆಲ್ ಕೂರಿಸಿದರೆ ಎಳೆತವೇ ನೇರ ಸಿಗುತ್ತದೆ, ಸುತ್ತ ಗ್ರೌಟ್ (ಸಿಮೆಂಟ್ ಗಾರೆ) ತುಂಬದ ಕೇಬಲ್ ಆದರೆ. ಉಳಿದದ್ದಕ್ಕೆ ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ಇಳಿಯಲೇಬೇಕು: ಕೇಬಲ್ ತುದಿ ಹಿಡಿದಿಡುವ ಆಂಕರ್ ಬಳಿ ಕಂದು ಕಲೆ, ಬಿಳಿ ಉಪ್ಪು, ಪೆಟ್ಟಿಗೆಯ ತುಂಡುಗಳು ಕೂಡುವ ಸೆಗ್ಮೆಂಟ್ ಸಂದಿಯಲ್ಲಿ ತೇವ, ಕಟ್ಟಿಕೊಂಡ ಮಳೆನೀರಿನ ಕೊಳವೆ. ಮಳೆಗಾಲ ಮುಗಿದ ಕೂಡಲೇ ನೋಡಿದರೆ ಸೋರಿಕೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ.